ಟೊಮೆಟೊ ಗಡಿಯಾರವೂ ದೇವಿಮನೆ ಘಟ್ಟವೂ

ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ವಿದ್ಯಾರ್ಥಿಗೆ 1980ರ ದಶಕದ ಕೊನೆಯಲ್ಲಿ ಓದಲು ಕೂತರೆ ಮನಸ್ಸು ನಿಲ್ಲುತ್ತಿರಲಿಲ್ಲವಂತೆ. ಟೊಮೆಟೊ ಆಕಾರದ ಅಡುಗೆಮನೆ ಟೈಮರನ್ನು ಎದುರಿಗಿಟ್ಟುಕೊಂಡು, ಅದು ಬಡಿದುಕೊಳ್ಳುವವರೆಗೆ ಏಳುವುದಿಲ್ಲ ಎಂದು ಹಟಕ್ಕೆ ಕೂತ. ಅದೇ ಮುಂದೆ ಪೊಮೊಡೊರೊ, ಅಂದರೆ ಇಟಲಿಯ ಭಾಷೆಯಲ್ಲಿ ಟೊಮೆಟೊ, ಪದ್ಧತಿ ಎಂದು ಹೆಸರಾಯಿತು. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಇಂಥ ನಾಲ್ಕು ಸುತ್ತು ಮುಗಿಸಿದರೆ 15ರಿಂದ 30 ನಿಮಿಷದ ದೊಡ್ಡ ಬಿಡುವು. ಬೆಂಗಳೂರಿನಿಂದ ರಜೆಗೆ ಬರುವ ನಮ್ಮ ಹುಡುಗರು ಇದನ್ನು ಮೊಬೈಲಿನಲ್ಲಿ ತೋರಿಸಿ, ಏನೋ ಹೊಸದು ಕಂಡುಹಿಡಿದವರ ಹಾಗೆ ಮಾತಾಡುತ್ತಾರೆ. ನಗು ಬರುತ್ತದೆ. ಒಂದಿಷ್ಟು ಕೆಲಸ, ಆಮೇಲೆ ಬಿಡುವು ಎಂಬುದನ್ನು ಉತ್ತರ ಕನ್ನಡ ಜಿಲ್ಲೆಗೇ ಅಳವಡಿಸಿಕೊಂಡು ಎಷ್ಟೋ ಕಾಲವಾಯಿತು.

ಹುಬ್ಬಳ್ಳಿ–ಅಂಕೋಲಾ ರೈಲನ್ನೇ ತೆಗೆದುಕೊಳ್ಳಿ. ಮಂಜೂರಾದದ್ದು 1990ರ ದಶಕದಲ್ಲಿ. ಹುಬ್ಬಳ್ಳಿ ಕಡೆಯಿಂದ ಸ್ವಲ್ಪ ಮಣ್ಣು ಕೆಲಸ ಆಯಿತು, ಆಮೇಲೆ ಬಿಡುವು. ಘಟ್ಟದ ಕಾಡಿನ ಪ್ರಶ್ನೆ ಸಣ್ಣದಲ್ಲ, ಕೋರ್ಟಿಗೆ ಹೋದವರನ್ನು ಬೈಯುವುದೂ ಸರಿಯಲ್ಲ. ಬೇಡವಾದರೆ ಬೇಡ ಎಂದುಬಿಡಲಿ. ಯಾರೂ ಅನ್ನುವುದಿಲ್ಲ. ಚಿರಿಲ್ಲೊನ ಇನ್ನೊಂದು ನಿಯಮವಿದೆ: ನಡುವೆ ಅಡ್ಡಿ ಬಂದು ಕೆಲಸ ನಿಂತರೆ ಆ ಸುತ್ತು ಲೆಕ್ಕಕ್ಕಿಲ್ಲ, ಮತ್ತೆ ಮೊದಲಿಂದ ಶುರು. ಇದನ್ನು ನಮ್ಮಷ್ಟು ನಿಷ್ಠೆಯಿಂದ ಪಾಲಿಸಿದವರು ಇಟಲಿಯಲ್ಲೂ ಇರಲಿಕ್ಕಿಲ್ಲ. ಮತ್ತೆ ಸಮೀಕ್ಷೆ, ಮತ್ತೆ ವರದಿ, ಮತ್ತೆ ಮನವಿ, ಮತ್ತೆ ಫೋಟೊ. ಮೊದಲ ಮನವಿ ಕೊಟ್ಟವರ ಮಕ್ಕಳು ಈಗ ಮನವಿ ಹಿಡಿದು ಅದೇ ಭಂಗಿಯಲ್ಲಿ ನಿಂತಿದ್ದಾರೆ.

ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯದು ಚಿಕ್ಕ ಸುತ್ತು. ಜಿಲ್ಲೆಗೆ ಅಂಥದ್ದೊಂದು ಬೇಕು ಎಂದು 2022ರಲ್ಲಿ ಜಾಲತಾಣದಲ್ಲಿ ಜೋರು ಕೂಗೆದ್ದಿತು, ಭರವಸೆ ಸಿಕ್ಕಿತು, ಬಿಡುವು ಘೋಷಣೆಯಾಯಿತು. ರೋಗಿಗಳಿಗೆ ಮಾತ್ರ ಬಿಡುವಿಲ್ಲ. ಅವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಓಡುತ್ತಲೇ ಇದ್ದಾರೆ.

ಹಾಗಂತ ಜಿಲ್ಲೆಯಲ್ಲಿ ಏಕಾಗ್ರತೆಯೇ ಇಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಕರಾವಳಿಯ ಚತುಷ್ಪಥ ಹೆದ್ದಾರಿ ಪೂರ್ತಿಯಾಗುವ ಮೊದಲೇ ಟೋಲ್ ಶುರುವಾಯಿತಲ್ಲ, ಹಟ್ಟಿಕೇರಿಯಲ್ಲಿ, ಹೊಳೆಗದ್ದೆಯಲ್ಲಿ. ಅಲ್ಲಿ ಹಗಲಿಲ್ಲ, ರಾತ್ರಿಯಿಲ್ಲ, ಮಳೆಗಾಲವಿಲ್ಲ, ಐದು ನಿಮಿಷದ ಬಿಡುವೂ ಇಲ್ಲ. ಸಮಯ ನಿರ್ವಹಣೆಯ ತರಬೇತಿ ಕೊಡುವವರು ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ದು ತೋರಿಸಬೇಕು.

ಪದ್ಧತಿಯ ಪೂರ್ಣ ಸೌಂದರ್ಯ ನೋಡಬೇಕೆಂದರೆ ಕುಮಟಾ–ಶಿರಸಿ ರಸ್ತೆಗೇ ಹೋಗಬೇಕು. ದೇವಿಮನೆ ಘಟ್ಟದಲ್ಲಿ ಕೆಲಸ ನಡೆಯುವಾಗ ರಸ್ತೆ ಬಂದ್, ಮಳೆ ಬಂದಾಗ ಕೆಲಸ ಬಂದ್. ಒಂದು ತಿರುವಿನಲ್ಲಿ ಜೆಸಿಬಿ ನಿಂತಿತ್ತು. ಮಣ್ಣು ತೋಡುವ ಬಕೆಟಿನಲ್ಲೇ ಮಳೆನೀರು ನಿಂತು, ಅದರೊಳಗೆ ಕಪ್ಪೆಮರಿಗಳು ಆರಾಮಾಗಿ ಈಜುತ್ತಿದ್ದವು. ಹಿಡಿಕೆಗೆ ಯಾವುದೋ ಬಳ್ಳಿ ಎರಡು ಸುತ್ತು ಹಾಕಿತ್ತು. ಪಕ್ಕದಲ್ಲಿ ಫಲಕ: ‘ಕಾಮಗಾರಿ ಪ್ರಗತಿಯಲ್ಲಿದೆ, ನಿಧಾನವಾಗಿ ಚಲಿಸಿ’. ಎರಡನೆಯ ಸೂಚನೆ ವಾಹನಗಳಿಗೆ ಬರೆದದ್ದಿರಬೇಕು, ಪಾಲಿಸಿದ್ದು ಕಾಮಗಾರಿ.

ಬಸ್ಸು, ಅಡಿಕೆ ಲಾರಿ, ಮದುವೆಗೆ ಹೊರಟ ಟೆಂಪೊ ಎಲ್ಲ ಸಾಲಾಗಿ ನಿಂತಿದ್ದವು. ಚಾ ಅಂಗಡಿಯಲ್ಲಿ ಜಾಗವಿರಲಿಲ್ಲ. ನಿಂತೇ ಚಾ ಕುಡಿಯುತ್ತ, ಅಂಗಡಿಯ ಅಮ್ಮನಿಗೆ ಇಟಲಿಯ ಕತೆ ಹೇಳಿದೆ. ಆಕೆ ಶ್ರದ್ಧೆಯಿಂದ ಕೇಳಿದಳು.

“ಬಿಡುವು ಮುಗೀತು ಅಂತ ಅಲ್ಲಿ ಯಾರು ಹೇಳ್ತಾರೆ ಮಾಸ್ತರೇ?”

“ಗಡಿಯಾರವೇ. ಗಂಟೆ ಬಾರಿಸುತ್ತದೆ.”

ನಮ್ಮಲ್ಲಿ ಇಲ್ಲದ್ದು ಅದೊಂದೇ. ಕೆಲಸ ಶುರು ಮಾಡುವುದಕ್ಕೆ ಮುಹೂರ್ತವಿದೆ, ರಿಬ್ಬನ್ನಿದೆ, ತೆಂಗಿನಕಾಯಿಯಿದೆ. ಬಿಡುವು ಮುಗಿಸುವುದಕ್ಕೆ ಯಾವ ವಿಧಿಯೂ ಇಲ್ಲ. ಆ ಟೊಮೆಟೊ ಗಡಿಯಾರ ಒಂದನ್ನು ತರಿಸಿ ಈ ಜೆಸಿಬಿಗೇ ಕಟ್ಟಿಬಿಟ್ಟರೆ ಹೇಗೆ ಎಂದೆ.

ಅಮ್ಮ ಚಾ ಸೋಸುವುದನ್ನು ನಿಲ್ಲಿಸಿ ಸಾಲುಗಟ್ಟಿದ ಗಾಡಿಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

“ಎಂತ ಮಾರಾಯ್ರೆ ನೀವು! ಬರೋ ವರ್ಷ ಮಗಳ ಮದುವೆ ಉಂಟು. ಅದಾದ ಮೇಲೆ ಬೇಕಾದ್ರೆ ಕಟ್ಟಿ.”