ಭತ್ತದ ಗದ್ದೆಯನ್ನು ನಡುನಡುವೆ ಆರಿಸಬೇಕೇ?

ಭೂಮಿಯ ಬಿಸಿ ಏರಿಸುವ ಅನಿಲಗಳಲ್ಲಿ ಇಂಗಾಲದ ಡೈ ಆಕ್ಸೈಡ್ ಬಿಟ್ಟರೆ ದೊಡ್ಡ ಪಾಲು ಮೀಥೇನಿನದು. ನೀರು ನಿಂತ ಭತ್ತದ ಗದ್ದೆ ಅದರ ಒಂದು ಮೂಲ. ಗದ್ದೆಯನ್ನು ಆಗಾಗ ಆರಿಸಿ ಮತ್ತೆ ನೀರು ಹಾಯಿಸುವ ಪದ್ಧತಿಯನ್ನು ನಮ್ಮ ಅಚ್ಚುಕಟ್ಟುಗಳಲ್ಲಿ ನಿಯಮ ಮಾಡಬೇಕೇ?

ಪರ: ಒಂದಡಿ ಪೈಪು ಸಾಕು

ಭತ್ತ ನೀರನ್ನು ತಾಳಿಕೊಳ್ಳುವ ಗಿಡ, ನೀರಿನ ಗಿಡವಲ್ಲ. ಗದ್ದೆಗೆ ನೀರು ಕಟ್ಟುವುದು ಬಹುಪಾಲು ಕಳೆ ಏಳದಿರಲಿ ಎಂದು. ನಾಲ್ಕು ತಿಂಗಳೂ ಕಣಕಾಲು ಮುಳುಗುವಷ್ಟು ನೀರಿರಬೇಕೆಂಬುದು ನಮ್ಮ ರೂಢಿ; ಬೇರು ಅಷ್ಟು ಕೇಳುವುದಿಲ್ಲ.

ನೀರು ನಿಂತ ಮಣ್ಣಿಗೆ ಗಾಳಿ ಇಳಿಯದು. ಇದ್ದ ಆಮ್ಲಜನಕ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಆಮೇಲೆ ಸೂಕ್ಷ್ಮಜೀವಿಗಳು ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್ ಎಂದು ಒಂದೊಂದನ್ನೇ ಖಾಲಿ ಮಾಡುತ್ತ ಬರುತ್ತವೆ. ಅವೂ ತೀರಿದ ಮೇಲೆ ಮೀಥೇನ್ ಹುಟ್ಟಿಸುವ ಜೀವಿಗಳ ಸರದಿ. ಹಳೆಯ ಕೂಳೆ, ಹೂತ ಹಸಿ ಹುಲ್ಲು, ಬೇರು ಬಿಡುವ ರಸ ಇವಕ್ಕೆ ಮೇವು. ಹುಟ್ಟಿದ ಅನಿಲದಲ್ಲಿ ಗುಳ್ಳೆಯಾಗಿ ಏಳುವುದು ಸ್ವಲ್ಪವೇ. ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಭತ್ತದ ಕಾಂಡದ ಒಳಗಿನ ಗಾಳಿನಾಳದಿಂದಲೇ ಹೊರಬೀಳುತ್ತದೆ. ಬೇರಿಗೆ ಗಾಳಿ ಕಳಿಸಲು ಗಿಡ ಮಾಡಿಕೊಂಡ ದಾರಿಯೇ ಮೀಥೇನಿಗೆ ಚಿಮಣಿಯಾಗುತ್ತದೆ.

ಮಣ್ಣು ಒಮ್ಮೆ ಆರಿದರೆ ಈ ಸರಪಣಿ ಮೊದಲಿಗೆ ಬಂದು ನಿಲ್ಲುತ್ತದೆ. ಒಳಗಿನ ಕಬ್ಬಿಣ ಮತ್ತೆ ತುಕ್ಕಾಗುತ್ತದೆ. ನೀರು ಹಾಯಿಸಿದರೂ ಆ ತುಕ್ಕು ಕರಗುವತನಕ ಮೀಥೇನ್ ತಡವಾಗುತ್ತದೆ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ 2019ರಲ್ಲಿ ಪರಿಷ್ಕರಿಸಿದ ಲೆಕ್ಕದಲ್ಲಿ ಸದಾ ನೀರಿದ್ದ ಗದ್ದೆಯ ಮೀಥೇನ್ 1 ಎಂದರೆ ಹಲವು ಬಾರಿ ಆರಿಸಿದ ಗದ್ದೆಯದು 0.55. ದಕ್ಷಿಣ ಏಷ್ಯಾದಲ್ಲಿ ಸದಾ ನೀರಿದ್ದ ಗದ್ದೆಗೆ ಅದು ಕೊಡುವ ಅಂಕಿ ದಿನಕ್ಕೆ ಹೆಕ್ಟೇರಿಗೆ 0.85 ಕೆ.ಜಿ. ಮೀಥೇನ್. ಇದನ್ನು 112 ದಿನದ ಬೆಳೆಗೆ ಹಾಕಿ ನೋಡಿ: ಎಕರೆಗೆ ಸುಮಾರು 17 ಕೆ.ಜಿ. ಮೀಥೇನ್ ತಪ್ಪುತ್ತದೆ. ನೂರು ವರ್ಷದ ಅಳತೆಯಲ್ಲಿ ಮೀಥೇನ್ ಬಿಸಿ ಏರಿಸುವ ಬಲ ಇಂಗಾಲದ ಡೈ ಆಕ್ಸೈಡಿನ 27 ಪಟ್ಟು ಎಂದು ಹಿಡಿದರೂ ಇದು 450 ಕೆ.ಜಿ. ಇಂಗಾಲದ ಡೈ ಆಕ್ಸೈಡನ್ನು ದಾಟುತ್ತದೆ, ಅಂದರೆ 170 ಲೀಟರ್ ಡೀಸೆಲ್ ಉರಿಸದೇ ಬಿಟ್ಟ ಹಾಗೆ. ಇಪ್ಪತ್ತು ವರ್ಷದ ಅಳತೆಯಲ್ಲಿ ಮೀಥೇನ್ ಸುಮಾರು 80 ಪಟ್ಟು. ಅದು ಗಾಳಿಯಲ್ಲಿ ಉಳಿಯುವುದು ಹನ್ನೆರಡು ವರ್ಷದ ಆಸುಪಾಸು, ಹಾಗಾಗಿ ಇಂದು ತಡೆದದ್ದರ ಫಲ ಬೇಗ ಕಾಣುತ್ತದೆ.

ಮಾಡುವ ಬಗೆ ಹೀಗೆ. ನಾಲ್ಕಿಂಚಿನ ಪಿವಿಸಿ ಪೈಪಿನಲ್ಲಿ 30 ಸೆಂ.ಮೀ. ತುಂಡು ಕತ್ತರಿಸಿ. ಕೆಳಗಿನ ಅರ್ಧಕ್ಕೆ ಎರಡೆರಡು ಸೆಂ.ಮೀ. ಅಂತರದಲ್ಲಿ ಸುತ್ತಲೂ 5 ಮಿ.ಮೀ. ತೂತು ಕೊರೆಯಿರಿ. ತೂತಿನ ಭಾಗ ಪೂರ್ತಿ ಹೂತು 15 ಸೆಂ.ಮೀ. ಮೇಲೆ ಉಳಿಯುವಂತೆ ನಿಲ್ಲಿಸಿ, ಒಳಗಿನ ಕೆಸರನ್ನು ತಳದವರೆಗೂ ತೆಗೆಯಿರಿ. ಈ ಕೆಸರು ತೆಗೆಯದೇ ಬಿಡುವುದೇ ಮೊದಲ ತಪ್ಪು. ತೂತು ಕಟ್ಟಿಕೊಂಡರೆ ಪೈಪಿನ ಒಳಗೊಂದು ಮಟ್ಟ, ಹೊರಗೊಂದು ಮಟ್ಟ. ಎರಡನೆಯದು ಜಾಗದ ತಪ್ಪು. ನೋಡಲು ಅನುಕೂಲವೆಂದು ಬದುವಿಗೆ ಅಂಟಿಸಿ ತಗ್ಗಿನ ಮೂಲೆಯಲ್ಲಿ ನೆಟ್ಟರೆ ಆ ಮೂಲೆಯಲ್ಲಿ ನೀರಿದ್ದಾಗಲೇ ಗದ್ದೆಯ ನಡುವಿನ ದಿಣ್ಣೆ ಬಾಡುತ್ತಿರುತ್ತದೆ. ಗದ್ದೆ ಮಟ್ಟವಿಲ್ಲದಿದ್ದರೆ ಪೈಪಿನ ಮಾತು ನಂಬಬೇಡಿ, ಮೊದಲು ಮಟ್ಟ ಮಾಡಿಸಿ.

ನಾಟಿಯಾದ ಮೇಲೆ ಎರಡು ವಾರ ಗದ್ದೆ ಆರಲು ಬಿಡಬೇಡಿ. ಕಳೆ ಅಡಗುವುದು ಆಗಲೇ. ಆಮೇಲೆ ಪೈಪಿನಲ್ಲಿ ನೀರು ಮಣ್ಣಿನ ಮಟ್ಟಕ್ಕಿಂತ 15 ಸೆಂ.ಮೀ. ಕೆಳಗಿಳಿಯಲಿ, ಆಗ 5 ಸೆಂ.ಮೀ. ಹಾಯಿಸಿ. ಹೂ ಬಿಡುವ ಒಂದು ವಾರ ಮೊದಲಿಂದ ಒಂದು ವಾರ ನಂತರದವರೆಗೆ ಮತ್ತೆ ನೀರು ನಿಲ್ಲಲೇಬೇಕು, ಇಲ್ಲದಿದ್ದರೆ ಜೊಳ್ಳು. ಈ ಮೂರು ನಿಯಮ ಪಾಲಿಸಿದರೆ ಇಳುವರಿ ಬೀಳುವುದಿಲ್ಲ. ಕಂದು ಜಿಗಿಹುಳು ಬಿದ್ದಾಗ ಗದ್ದೆಯ ನೀರು ಬಸಿಯಿರಿ ಎಂದೇ ಸಲಹೆ ಕೊಡುವುದಿಲ್ಲವೇ? ಇಲ್ಲಿ ಅದು ಮೊದಲೇ ಆಗಿರುತ್ತದೆ.

ಯೂರಿಯಾ ಹಾಕಿದ ಗದ್ದೆ ಆರಿದರೆ ನೈಟ್ರಸ್ ಆಕ್ಸೈಡ್ ಏಳುತ್ತದೆ, ಅದು ಬಿಸಿ ಏರಿಸುವುದು ಇಂಗಾಲದ ಡೈ ಆಕ್ಸೈಡಿನ 273 ಪಟ್ಟು ಎಂದು ಹೆದರಿಸುವವರಿದ್ದಾರೆ. ಹೆಕ್ಟೇರಿಗೆ 150 ಕೆ.ಜಿ. ಸಾರಜನಕ ಹಾಕಿದರೆ ಅದೇ ಸಮಿತಿಯ ಅಂಕಿಯಂತೆ ಹೆಚ್ಚಾಗುವುದು ಎಕರೆಗೆ 50 ಕೆ.ಜಿ. ಇಂಗಾಲದ ಡೈ ಆಕ್ಸೈಡಿಗೆ ಸಮ. ನಾಲ್ಕೂವರೆ ಕ್ವಿಂಟಲ್ ಉಳಿಸಿ ಅರ್ಧ ಕ್ವಿಂಟಲ್ ಕೊಟ್ಟ ಹಾಗಾಯಿತು. ನೀರು ಹಾಯಿಸುವ ಮುಂಚೆಯೇ ಆರಿದ ಮಣ್ಣಿಗೆ ಯೂರಿಯಾ ಹಾಕಿದರೆ ಅದು ನೀರಿನೊಡನೆ ಬೇರಿಗಿಳಿಯುತ್ತದೆ, ನಷ್ಟ ಇನ್ನೂ ಕಡಿಮೆ.

ಬಿಸಿಯ ಪೆಟ್ಟು ಬೀಳುವುದೂ ಭತ್ತಕ್ಕೇ. ಹೂ ಬಿಡುವ ಹೊತ್ತಿಗೆ 35 ಡಿಗ್ರಿ ದಾಟಿದರೆ ಪರಾಗ ಬರಡಾಗುತ್ತದೆ. ರಾಯಚೂರು ಸೀಮೆಯ ಬೇಸಿಗೆ ಬೆಳೆಗೆ ಇದು ತಪ್ಪದ ಗಂಡಾಂತರ. 2023ರ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ಅತಿ ಒಣ ಆಗಸ್ಟ್ ಆಗಿತ್ತು. ತುಂಗಭದ್ರಾ ಜಲಾಶಯದಲ್ಲಿ ಹಿಡಿಯುವ ನೀರು ಹೂಳು ತುಂಬಿ 133 ಟಿಎಂಸಿಯಿಂದ 105ರ ಹತ್ತಿರಕ್ಕೆ ಬಂದಿದೆ. ಒಂದೆಕರೆಗೆ 5 ಸೆಂ.ಮೀ. ನೀರೆಂದರೆ ಎರಡು ಲಕ್ಷ ಲೀಟರ್. ಬೆಳೆಗೆ ಎರಡು ಹಾಯಿಕೆ ಉಳಿದರೂ ನಾಲ್ಕು ಲಕ್ಷ ಲೀಟರ್ ಕಾಲುವೆಯ ಕೊನೆಯವರಿಗೆ ಸಿಗುತ್ತದೆ. ಇಷ್ಟಾದರೂ ‘ನೀರು ನಮ್ಮ ಕೈಲಿಲ್ಲ’ ಎಂದು ಕೈಕಟ್ಟಿ ಕೂರುವವರಿಗೆ ಬದು ಕಟ್ಟಲೂ ಇಲಾಖೆಯವರೇ ಬರಬೇಕೇನೋ.

ವಿರೋಧ: ತೂಬಿನ ಕೀಲಿ ಬೇರೆಯವರ ಹತ್ತಿರ

ಮೀಥೇನಿನ ಲೆಕ್ಕಕ್ಕೆ ನನ್ನ ತಕರಾರಿಲ್ಲ. ವಿರೋಧ ಬರೆಯುವುದು ನನ್ನ ಪಾಲಿಗೆ ಬಂದಿದೆ. ಹಾಗಾಗಿ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. 2021ರಲ್ಲಿ ಗ್ಲಾಸ್ಗೋದಲ್ಲಿ ಹೊರಟ ಜಾಗತಿಕ ಮೀಥೇನ್ ಪ್ರತಿಜ್ಞೆಗೆ ಭಾರತ ಸಹಿ ಹಾಕಿಲ್ಲ. ಕಲ್ಲಿದ್ದಲು ಗಣಿ, ಅನಿಲದ ಕೊಳವೆಗಳ ಸೋರಿಕೆ ನಿಲ್ಲಿಸುವ ಮೊದಲು ಎರಡೆಕರೆಯವನ ಗದ್ದೆಗೆ ಬಂದು ನಿಂತದ್ದು ಸರಿಯಲ್ಲ. ಇದೆಲ್ಲ ನೀವು ಕೇಳಿದ್ದೇ.

ಪೈಪು ಇವತ್ತು ನೀರು ಹಾಯಿಸು ಎನ್ನುತ್ತದೆ. ಕಾಲುವೆಯ ಸರದಿ ಬರುವುದು ಮುಂದಿನ ಗುರುವಾರ. ಇದಕ್ಕೆ ಪರ ಬರೆದವರಲ್ಲಿ ಉತ್ತರ ಕಾಣಲಿಲ್ಲ, ಬದುವಿನ ಚಟಾಕಿಯಷ್ಟೇ ಸಿಕ್ಕಿತು. ವಾರಾಬಂದಿಯಲ್ಲಿ, ಅಂದರೆ ಸರದಿಯಂತೆ ಕಾಲುವೆ ನೀರು ಹಂಚುವ ಪದ್ಧತಿಯಲ್ಲಿ, ನೀರು ಬಂದಾಗ ಕಟ್ಟಿಕೊಳ್ಳುವುದೇ ಜಾಣತನ, ಏಕೆಂದರೆ ಮುಂದಿನ ಸರದಿ ಖಾತ್ರಿಯಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಬೆಳೆ ಕೈಗೆ ಬರುತ್ತದೋ ಇಲ್ಲವೋ ಎಂದು ಇಡೀ ಅಚ್ಚುಕಟ್ಟು ಉಸಿರು ಬಿಗಿಹಿಡಿದು ಕೂತಿತ್ತು. ಅಲ್ಲಿಯ ರೈತನಿಗೆ ನಿಂತ ನೀರೇ ಬ್ಯಾಂಕಿನ ಠೇವಣಿ. ಇನ್ನು ಎಷ್ಟೋ ಕಡೆ ಗದ್ದೆಯಿಂದ ಗದ್ದೆಗೆ ನೀರು ದಾಟುತ್ತದೆ. ಮೇಲಿನವನು ಆರಿಸಿದರೆ ಕೆಳಗಿನವನದೂ ಆರುತ್ತದೆ, ಅವನ ಪೈರು ಅಂದೇ ಹೂ ಬಿಡುತ್ತಿದ್ದರೂ ಸರಿಯೇ.

ಎರೆ ಮಣ್ಣಿನ ವಿಷಯವನ್ನು ಪರ ಬರೆದವರು ಮುಟ್ಟಲೇ ಇಲ್ಲ. 15 ಸೆಂ.ಮೀ. ಎಂಬ ಗುರುತು ಎಲ್ಲ ಮಣ್ಣಿಗೂ ಒಂದೇ ಅಲ್ಲ. ಸಿಂಧನೂರು, ಮಾನ್ವಿ ಕಡೆಯ ಜಿಗುಟು ಎರೆ ಅಷ್ಟು ಆರುವ ಹೊತ್ತಿಗೆ ಬಿರುಕು ಬಿಟ್ಟಿರಬಹುದು. ಕೆಸರು ಮಾಡುವುದೇ ತಳದಲ್ಲಿ ನೀರು ಹಿಡಿಯುವ ಗಟ್ಟಿ ಪದರ ಕಟ್ಟಲೆಂದು; ಬಿರುಕು ಆ ಪದರವನ್ನು ಸೀಳಿದರೆ ಮುಂದಿನ ಹಾಯಿಕೆಯಲ್ಲಿ ನೀರು ಮೊದಲು ಬಿರುಕಿಗೆ ಸುರಿಯುತ್ತದೆ, ಉಳಿಸಿದ ಎರಡು ಲಕ್ಷ ಲೀಟರ್ ಅಲ್ಲಿಗೇ ಹೋಯಿತು. ಸವಳು ಜಮೀನಿನಲ್ಲಿ ಇನ್ನೂ ಕಷ್ಟ. ನಿಂತ ನೀರು ಉಪ್ಪನ್ನು ಕೆಳಕ್ಕೆ ಒತ್ತಿಟ್ಟಿರುತ್ತದೆ. ಆರಿಸಿದಿರೋ, ದೀಪದ ಬತ್ತಿ ಎಣ್ಣೆ ಏರಿಸುವಂತೆ ಮಣ್ಣು ಉಪ್ಪನ್ನು ಮೇಲಕ್ಕೆಳೆಯುತ್ತದೆ. ಹೆಂಟೆಯ ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತದೆ, ಎಲೆಯ ತುದಿ ಸುಡುತ್ತದೆ. ಆಗ ಹಾಯಿಸಲು 5 ಸೆಂ.ಮೀ. ಸಾಲದು, ಉಪ್ಪು ತೊಳೆಯಲು ಬೇರೆ ನೀರು ಬೇಕು.

ಕರಾವಳಿ, ಮಲೆನಾಡಿನ ಬೈಲು ಗದ್ದೆಗಳ ಬಗ್ಗೆ ಒಂದೇ ಮಾತು: ಜುಲೈ ಮಳೆಯಲ್ಲಿ ಅಲ್ಲಿ ಪೈಪು ಬರೀ ತುಂಬಿದ್ದನ್ನೇ ತೋರಿಸುತ್ತದೆ. ಆರಿದ ಗದ್ದೆಗೆ ಬೆಂಕಿರೋಗ ಹೆಚ್ಚು, ಎರಡನೇ ಸುತ್ತಿನ ಕಳೆಯೂ ಹೆಚ್ಚು. ಕಳೆ ಕೀಳುವ ಆಳಿನ ಕೂಲಿ ಯಾವ ಮೀಥೇನ್ ಲೆಕ್ಕದಲ್ಲೂ ಇರುವುದಿಲ್ಲ.

ತಡೆದ ಅನಿಲವನ್ನು ಟನ್ನಿನ ಲೆಕ್ಕದಲ್ಲಿ ಮಾರಿದರೆ ಕಾರ್ಬನ್ ಹಣ ಬರುತ್ತದಂತೆ. ಎಕರೆಗೆ ಅರ್ಧ ಟನ್ನೇ ಎನ್ನಿ, ಟನ್ನಿಗೆ 10 ಡಾಲರ್ ಎಂದೇ ಇಟ್ಟುಕೊಳ್ಳಿ. ಅಳೆಯುವವರು, ಬರೆಯುವವರು, ಮಾರುವವರು ತಮ್ಮ ಪಾಲು ತೆಗೆಯುವ ಮೊದಲೇ ಅದು ಬೆಳೆಗೆ ಐದು ಡಾಲರ್. 2024ರಲ್ಲಿ, ಇಂಥ ಕಾರ್ಬನ್ ಯೋಜನೆಗಳನ್ನು ನೋಂದಾಯಿಸುವ ವೆರ್ರಾ ಸಂಸ್ಥೆ ಚೀನಾದ 37 ಭತ್ತದ ಮೀಥೇನ್ ಯೋಜನೆಗಳನ್ನು ಒಟ್ಟಿಗೇ ತಿರಸ್ಕರಿಸಿತು.

ಬೋರ್‌ವೆಲ್ ಇದ್ದವರು ಮಾಡಲಿ, ಅಲ್ಲಿ ಗುಂಡಿ ಒತ್ತುವುದು ಅವರೇ. ಆದರೆ ನಮ್ಮಲ್ಲಿ 10 ಎಚ್‌ಪಿವರೆಗಿನ ಪಂಪಿಗೆ ಕರೆಂಟು ಪುಕ್ಕಟೆ. ಕಾಲುವೆಯಲ್ಲೂ ನೀರಿನ ಕರ ಎಕರೆಗೆ ಇಷ್ಟು, ಬೆಳೆಗೆ ಇಷ್ಟು ಎಂದಿದೆ, ಲೀಟರಿಗೆ ಇಷ್ಟೆಂದಲ್ಲ. ಹಾಗಾಗಿ ಎರಡು ಹಾಯಿಕೆ ಉಳಿಸಿದವನಿಗೂ ಬದು ತುಂಬ ಕಟ್ಟಿದವನಿಗೂ ಒಂದೇ ಮೊತ್ತದ ರಸೀದಿ.