ಹರಿಕಾರರ ಸುಗ್ಗಿ

ನಮ್ಮ ತಾಲ್ಲೂಕಿನಲ್ಲಿ ಅಭಿವೃದ್ಧಿ ಎಲ್ಲಿದೆ ಎಂದು ಕೇಳಿದರೆ ತೋರಿಸುವುದು ಕಷ್ಟ. ಅದರ ಹರಿಕಾರರನ್ನು ಬೇಕಾದರೆ ಈಗಲೇ ತೋರಿಸುತ್ತೇನೆ ಬನ್ನಿ. ಬಸ್ ಸ್ಟ್ಯಾಂಡ್ ಸರ್ಕಲ್ಲಿನಲ್ಲಿ ನಾಲ್ವರು, ತಾಲ್ಲೂಕು ಕಚೇರಿಯ ಕಾಂಪೌಂಡಿಗೆ ಒರಗಿ ಇಬ್ಬರು, ಸರ್ಕಾರಿ ಆಸ್ಪತ್ರೆಯ ಬೋರ್ಡಿಗೆ ಅಡ್ಡಲಾಗಿ ಒಬ್ಬರು. ಎಲ್ಲರೂ ಕೈಮುಗಿದು ನಗುತ್ತಿದ್ದಾರೆ. ಎಲ್ಲರ ತಲೆಯ ಮೇಲೂ ಕೆಂಪು ಅಂಚಿನ ಹಳದಿ ಅಕ್ಷರದಲ್ಲಿ ಅದೇ ಬಿರುದು: ‘ಅಭಿವೃದ್ಧಿಯ ಹರಿಕಾರ’.

ಹರಿಕಾರ ಎಂದರೆ ಮೊದಲು ಓಡುವ ಕೆಲಸದವನು. ಫಾರ್ಸಿಯಿಂದ ಬಂದ ಪದ. ಓಲೆ ಹೊತ್ತು ಊರಿಂದೂರಿಗೆ ಓಡುತ್ತಿದ್ದವನು, ದಂಡಿಗಿಂತ ಮುಂಚೆ ಹೋಗಿ ಶತ್ರುಗಳ ಸುದ್ದಿ ತರುತ್ತಿದ್ದವನು. ಹಾಗೆ ಮುಂದೆ ಹೋದವನು ಎಂಬ ಅರ್ಥ ಹಿಡಿದು, ಒಳ್ಳೆಯ ಕೆಲಸಕ್ಕೆ ಮೊದಲು ದಾರಿ ಮಾಡಿದವರಿಗೂ ಆ ಹೆಸರು ಬಂತು. ಸಮಾನತೆಯ ಹರಿಕಾರ ಬಸವಣ್ಣ, ಕ್ಷೀರಕ್ರಾಂತಿಯ ಹರಿಕಾರ ಕುರಿಯನ್. ಇಲ್ಲಿಯವರೆಗೆ ತಕರಾರಿಲ್ಲ. ಹಸಿರು ಕ್ರಾಂತಿಯ ಹತ್ತಿರ ಬಂದರೆ ಸ್ವಲ್ಪ ನೂಕುನುಗ್ಗಲು. ಏಪ್ರಿಲ್ 5ರ ಜಯಂತಿಯಂದು ಬಾಬು ಜಗಜೀವನ್ ರಾಂ ಅದರ ಹರಿಕಾರ, 2023ರಲ್ಲಿ ತೀರಿಕೊಂಡಾಗ ಸ್ವಾಮಿನಾಥನ್ ಅದರ ಹರಿಕಾರ. ಮೆಕ್ಸಿಕೋದಿಂದ ಗೋಧಿ ಬೀಜ ತರಿಸಿದಾಗ ಮಂತ್ರಿಯಾಗಿದ್ದ ಸಿ. ಸುಬ್ರಮಣ್ಯಂ ನಮ್ಮ ಕಡೆಯ ಭಾಷಣಗಳಲ್ಲಿ ಬರುವುದೇ ಅಪರೂಪ. ಇರಲಿ, ಮೂವರೂ ಕೆಲಸ ಮಾಡಿದವರೇ.

ಈಗಿನ ಹರಿಕಾರರಿಗೆ ಒಂದು ಗುದ್ದಲಿ ಪೂಜೆ ಸಾಕು. ಗುದ್ದಲಿಗೆ ಅರಿಶಿನ ಕುಂಕುಮ, ಹಿಡಿಗೆ ಚೆಂಡುಹೂವಿನ ಸರ. ಮಣ್ಣನ್ನು ಯಾರೋ ಕೂಲಿಯವರು ಬೆಳಿಗ್ಗೆಯೇ ಸಡಿಲ ಮಾಡಿಟ್ಟಿರುತ್ತಾರೆ. ಹರಿಕಾರರ ಸೊಂಟ ಹಿಡಿದುಕೊಳ್ಳಬಾರದಲ್ಲ. ಮೆತ್ತಗೆ ಒಮ್ಮೆ ತಾಗಿಸಿ, ಮುಖವನ್ನು ಮಾತ್ರ ಕ್ಯಾಮೆರಾ ಕಡೆ ತಿರುಗಿಸಿ, ಫೋಟೋದವನು ‘ಆಯ್ತು ಸಾರ್’ ಅನ್ನುವವರೆಗೆ ಬಗ್ಗಿಯೇ ಇರಬೇಕು. ಅಷ್ಟರಲ್ಲಿ ಆ ಒಂದೇ ಹಿಡಿಯ ಮೇಲೆ ಏಳೆಂಟು ಕೈ ಬಿದ್ದಿರುತ್ತವೆ. ಸರ್ಕಾರ ಬದಲಾದರೆ ಅದೇ ರಸ್ತೆಗೆ ಇನ್ನೊಂದು ಪೂಜೆ, ಇನ್ನೊಬ್ಬ ಹರಿಕಾರ. ರಸ್ತೆಗೆ ಡಾಂಬರಿಗಿಂತ ಕುಂಕುಮವೇ ಹೆಚ್ಚು ಬಿದ್ದಿದೆ. ಬೋರ್‌ವೆಲ್ ಕೊರೆಸಿದವರು ಹರಿಕಾರ ಎಂದರೆ ಒಪ್ಪುವುದಿಲ್ಲ, ಅವರು ‘ಆಧುನಿಕ ಭಗೀರಥ’. ಪುರಾಣದ ಭಗೀರಥ ಗಂಗೆಯನ್ನು ಮೇಲಿಂದ ಕೆಳಕ್ಕೆ ತಂದ, ಇವರು ಸಾವಿರ ಅಡಿ ಕೆಳಗಿಂದ ಮೇಲಕ್ಕೆ ತರುತ್ತಾರೆ. ತಪಸ್ಸಿನ ಖರ್ಚು ಗ್ರಾಮ ಪಂಚಾಯಿತಿಯದು.

ಈ ಲೆಕ್ಕದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಸುಮ್ಮನೆ ಹೋದರು. ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆದು, ಸುಮಾರು 147 ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗೆ ಹರಿಸಿದ್ದು 1902ರಲ್ಲಿ. ಆ ಯೋಜನೆಯನ್ನು ಕೈಗೆತ್ತಿಕೊಂಡ ಅಯ್ಯರ್ 1901ರಲ್ಲೇ ತೀರಿಕೊಂಡಿದ್ದರು. ಉದ್ಘಾಟನೆಗೇ ಬಾರದ ಮನುಷ್ಯ ಎಂಥ ಹರಿಕಾರ! 1905ರಲ್ಲಿ ಬೆಂಗಳೂರಿನ ಬೀದಿಗೂ ವಿದ್ಯುತ್ ದೀಪ ಬಂತು. ನಮ್ಮ ಸರ್ಕಲ್ಲಿಗೆ ಈಚೆಗೆ ಹೈಮಾಸ್ಟ್ ದೀಪ ಬಂದಿದೆ. ಅದರ ಬುಡದಲ್ಲಿ ಆಳೆತ್ತರದ ಗ್ರಾನೈಟ್ ಫಲಕ. ಅದರ ಮೇಲೆ ಶಾಸಕರಿಂದ ಹಿಡಿದು ವಾರ್ಡಿನ ಸದಸ್ಯರವರೆಗೆ ಎಲ್ಲರ ಹೆಸರೂ ಇದೆ. ದೀಪ ಕೆಟ್ಟು ಬಹಳ ದಿನವಾಯಿತು. ಫಲಕ ಓದಬೇಕೆಂದರೆ ಹಗಲಲ್ಲೇ ಹೋಗಬೇಕು.

ಫ್ಲೆಕ್ಸ್ ನಿಷೇಧವಾಗಿಲ್ಲವೇ ಎಂದು ಕೇಳುವವರಿದ್ದಾರೆ. ಆಗಿದೆ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಪಟ್ಟಿಯಲ್ಲಿ ಫ್ಲೆಕ್ಸೂ ಇತ್ತು. 2018ರ ಆಗಸ್ಟಿನಲ್ಲಿ ಹೈಕೋರ್ಟು ಗದರಿದ ಮೇಲೆ ಬೆಂಗಳೂರಿನಲ್ಲಿ ಪಾಲಿಕೆಯವರು ದಡಬಡಿಸಿ ಸಾವಿರಾರು ಫ್ಲೆಕ್ಸ್ ಕಿತ್ತೆಸೆದರು. ಒಂದಷ್ಟು ದಿನ ಜನಕ್ಕೆ ಮರ, ಆಕಾಶ, ಅಂಗಡಿಯ ಹೆಸರು ಎಲ್ಲ ಕಂಡವು. ಆಮೇಲೆ ಯಾರದೋ ಹುಟ್ಟುಹಬ್ಬ ಬಂತು.

ಇಷ್ಟು ಜನ ಹರಿಕಾರರು ತಯಾರಾಗುವುದು ಎಲ್ಲಿ ಎಂದು ನೋಡಬೇಕಾದರೆ ಫ್ಲೆಕ್ಸ್ ಅಂಗಡಿಗೆ ಹೋಗಬೇಕು. ಕಂಪ್ಯೂಟರಿನಲ್ಲಿ ಅಚ್ಚು ಸಿದ್ಧವಾಗಿರುತ್ತದೆ. ಮೇಲೆ ದೇವರು ಮತ್ತು ಹೈಕಮಾಂಡು, ನಡುವೆ ಹರಿಕಾರರಿಗೆ ಖಾಲಿ ಜಾಗ, ಕೆಳಗೆ ‘ಶುಭ ಕೋರುವವರು’ ಎಂದು ಮೂರು ಸಾಲು ಮುಖಗಳು. ಅದರಲ್ಲಿ ಅರ್ಧ ಜನ ಕೂಲಿಂಗ್ ಗ್ಲಾಸಿನಲ್ಲಿ, ಉಳಿದವರು ಮೊಬೈಲ್ ಕಿವಿಗಿಟ್ಟುಕೊಂಡು. ಮೊನ್ನೆ ನಾನು ಜೆರಾಕ್ಸ್ ಮಾಡಿಸಲು ನಿಂತಿದ್ದಾಗ ಒಬ್ಬರು ಬುಲೆಟ್ಟಿನಲ್ಲಿ ಬಂದು ಪೆನ್‌ಡ್ರೈವ್ ಕೊಟ್ಟರು. ಮುಂದಿನ ಚುನಾವಣೆಗೆ ಟಿಕೆಟ್ ಕೇಳುತ್ತಿರುವ ಅವರ ‘ಬಾಸ್’ ಫೋಟೋ ಅದರಲ್ಲಿತ್ತು.

‘ಹೆಸರಿನ ಮೇಲೆ ಏನು ಹಾಕ್ಲಿ ಅಣ್ಣ?’ ಎಂದ ಹುಡುಗ.

‘ಇನ್ನೇನು, ಅಭಿವೃದ್ಧಿಯ ಹರಿಕಾರ ಅಂತ ಹಾಕು.’

‘ಅಲ್ಲಣ್ಣ, ಅವರಿನ್ನೂ ಗೆದ್ದೇ ಇಲ್ವಲ್ಲ. ಅಭಿವೃದ್ಧಿ ಎಲ್ಲಾಗಿದೆ?’

‘ಹರಿಕಾರ ಅಂದ್ರೆ ಮುಂಚೆ ಬರೋನು ಕಣೋ. ಅಭಿವೃದ್ಧಿ ಹಿಂದಿನಿಂದ ಬರುತ್ತೆ.’

ಹುಡುಗನಿಗೆ ಹೌದೆನ್ನಿಸಿರಬೇಕು, ಟೈಪು ಮಾಡಿದ. ಹತ್ತಕ್ಕೆ ಎಂಟು ಅಡಿ, ಎರಡು ಕಾಪಿ, ಕಟ್ಟಿಗೆ ಫ್ರೇಮು ಸಮೇತ. ಬಿಲ್ಲು ಹರಿದು ಮುಂದೆ ಹಿಡಿದು, ‘ದುಡ್ಡು ಅಣ್ಣ?’ ಎಂದ.

ಬುಲೆಟ್ ಆಗಲೇ ಸ್ಟಾರ್ಟ್ ಆಗಿತ್ತು. ‘ಅದೂ ಹಿಂದಿನಿಂದ ಬರುತ್ತೆ.’