ಗೋಡೆ ಮೇಲಿನ 90

ಕಳೆದ ಭಾನುವಾರ ಸಂಜೆ ಹಾಸನದಿಂದ ಬೆಂಗಳೂರಿಗೆ ಜನರಲ್ ಬೋಗಿಯಲ್ಲಿ ಹೊರಟೆ. ಹತ್ತುವ ನೂಕಾಟದಲ್ಲಿ ಕತ್ತು ಹೇಗೋ ಬಾಗಿಲಿನ ಮೇಲ್ಗಡೆಗೆ ತಿರುಗಿ ಹಾಗೇ ಸಿಕ್ಕಿಕೊಂಡಿತು. ಅಲ್ಲಿ ಬಣ್ಣದಲ್ಲಿ ಬರೆದಿತ್ತು: ‘ಕುಳಿತುಕೊಳ್ಳಲು 90’. ಓದೋಕೆ ಬೇರೇನೂ ಇರಲಿಲ್ಲ. ಶ್ರವಣಬೆಳಗೊಳ ಬರುವವರೆಗೂ ಅದನ್ನೇ ಓದಿದೆ.

ಎಣಿಸಿಯೇ ಬಿಡೋಣ ಅಂತ ಶುರು ಮಾಡಿದೆ. ಬಾಗಿಲಿನಿಂದ ಮೊದಲ ಸೀಟಿನವರೆಗೆ 31 ತಲೆ ಸಿಕ್ಕವು. ಅಲ್ಲಿಂದಾಚೆ ತಲೆ ಯಾವುದು, ಊರಿಂದ ಹೊತ್ತು ತಂದ ಹಲಸಿನಹಣ್ಣು ಯಾವುದು ಗೊತ್ತಾಗಲಿಲ್ಲ. ನಾಲ್ಕು ಜನರ ಸೀಟಿನಲ್ಲಿ ಆರು ಜನ. ಆರನೆಯವರು ‘ಸ್ವಲ್ಪ ಜರುಗಿ’ ಅಂತ ಕೇಳಿ ಅರ್ಧ ಅಂಡು ಊರಿದ್ದರು, ಇನ್ನರ್ಧ ಗಾಳಿಯಲ್ಲಿತ್ತು. ಲಗೇಜ್ ಇಡುವ ಹಲಗೆ ಮೇಲೆ ಹುಡುಗರು ಕಾಲು ಇಳಿಬಿಟ್ಟು ಕೂತಿದ್ದರು. ಅವರ ಸಾಕ್ಸು, ನನ್ನ ಮೂಗು. ನಿಂತವರು ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವವರ ಥರ ‘ಕುಣಿಗಲ್ಲಾ ಸಾರ್?’ ಅಂತ ಕೂತವರನ್ನು ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದರು. ಎಲ್ಲರೂ ಯಶವಂತಪುರ ಅಂದರು.

ಈ 90 ಸುಮ್ನೆ ಬರೆದದ್ದಲ್ಲ. 1989ರ ರೈಲ್ವೆ ಕಾಯ್ದೆಯಲ್ಲಿ 57ನೇ ಸೆಕ್ಷನ್ ಇದೆ. ಬೋಗಿಗೆ ಹೆಚ್ಚೆಂದರೆ ಎಷ್ಟು ಜನ ಅಂತ ನಿಗದಿ ಮಾಡಬೇಕು. ಅದನ್ನು ಎದ್ದು ಕಾಣುವ ಹಾಗೆ ಹಿಂದಿ, ಇಂಗ್ಲಿಷ್ ಜೊತೆಗೆ ಆಯಾ ಕಡೆಯ ಭಾಷೆಯಲ್ಲೂ ಬರೆಯಬೇಕು. ಬರೆದಿದ್ದಾರೆ. ಎಷ್ಟು ಅಚ್ಚುಕಟ್ಟು ನೋಡಿ! ಟಿಕೆಟ್ ಮಾರುವವರಿಗೆ ಮಾತ್ರ ಅದು ಕಾಣಿಸಲ್ಲ, ಪಾಪ. ಬರಹ ಬೋಗಿಯೊಳಗಿದೆ, ಅವರು ಕೌಂಟರಿನಲ್ಲಿದ್ದಾರೆ.

2025ರ ಫೆಬ್ರವರಿಯಲ್ಲಿ ನವದೆಹಲಿ ಸ್ಟೇಷನ್ನಿನಲ್ಲಿ ಕಾಲ್ತುಳಿತವಾಗಿ 18 ಜನ ಸತ್ತರಲ್ಲ, ಆಗ ಅಲ್ಲಿನ ಹೈಕೋರ್ಟು ಇದೇ ಸೆಕ್ಷನ್ ಹಿಡಿದು ಕೇಳಿತ್ತು: ಮಿತಿ ಇದೆ ಅಂದಮೇಲೆ ಜಾಸ್ತಿ ಟಿಕೆಟ್ ಯಾಕೆ ಮಾರುತ್ತೀರಿ? ನಾವೂ ಪೇಪರಿನಲ್ಲಿ ಓದಿದೆವು. ಓದಿ, ಮಡಚಿಟ್ಟು, ಭಾನುವಾರ ಅದೇ ಪೇಪರ್ ಹಾಸಿಕೊಂಡು ಬಾಗಿಲ ಹತ್ತಿರ ಕೂತೆವು.

ಕಾಯ್ದೆ ಇನ್ನೂ ಮುಂದೆ ಓದಿದರೆ 155ನೇ ಸೆಕ್ಷನ್ ಸಿಗುತ್ತದೆ. ನಿಮಗಂತ ರಿಸರ್ವ್ ಆಗದ ಬೋಗಿಗೆ ನ್ಯಾಯವಾಗಿ ಹತ್ತುವವರನ್ನು ನೀವು ತಡೆದರೆ 200 ರೂಪಾಯಿವರೆಗೆ ದಂಡ. 91ನೆಯವನು ಹತ್ತುವುದು ನ್ಯಾಯವಾಗಿಯೋ ಅಲ್ಲವೋ? ಅವನ ಮೊಣಕೈ ಪಕ್ಕೆಗೆ ಚುಚ್ಚುವಾಗ ಕೇಳಿ ನೋಡಿ.

ಪಕ್ಕದಲ್ಲಿ ಜಜ್ಜಿಕೊಂಡಿದ್ದ ಹಿರಿಯರೊಬ್ಬರು ‘ಥೂ, ದನ ತುಂಬ್ದಂಗೆ ತುಂಬವ್ರೆ’ ಅಂದರು. ತಪ್ಪು ಯಜಮಾನ್ರೇ. ದನಕ್ಕೆ ಅವಮಾನ ಮಾಡಬೇಡಿ. ಪ್ರಾಣಿ ಸಾಗಣೆಗೆ 1978ರ ನಿಯಮಗಳಿವೆ. ಬ್ರಾಡ್‌ಗೇಜ್‌ನ, ಅಂದರೆ ಅಗಲ ಹಳಿಯ, ಮಾಮೂಲಿ ಗೂಡ್ಸ್ ವ್ಯಾಗನ್ನಿಗೆ 10 ದೊಡ್ಡ ದನ, ಕರುಗಳಾದರೆ 15. ಅದಕ್ಕಿಂತ ಜಾಸ್ತಿ ಹಾಕುವ ಹಾಗಿಲ್ಲ. ಅದಕ್ಕಿಂತ ಕಿರಿದಾದ ಮೀಟರ್‌ಗೇಜ್ ಹಳಿ ಆದರೆ 6 ದೊಡ್ಡ ದನ. ಅಂದರೆ ಹಾಸನ–ಮಂಗಳೂರು ಮೀಟರ್‌ಗೇಜ್ ಕಾಲದಲ್ಲೂ ಹಸುವಿಗೆ ಈ ಮರ್ಯಾದೆ ಇತ್ತು. ಹತ್ತಿಸುವ ಮೊದಲು ಪಶುವೈದ್ಯರು ಪರೀಕ್ಷೆ ಮಾಡಿ, ಇದು ಪ್ರಯಾಣ ತಡೆದುಕೊಳ್ಳುತ್ತದೆ ಅಂತ ಸರ್ಟಿಫಿಕೇಟ್ ಕೊಡಬೇಕು. ದಾರಿಗೆ ಮೇವು, ನೀರು ಇರಬೇಕು. ನಮ್ಮ ಯಜಮಾನರನ್ನು ಯಾರು ಪರೀಕ್ಷೆ ಮಾಡಿದ್ದರು? ಹಳ್ಳಿಕಾರ್ ಎತ್ತಾಗಿ ಹುಟ್ಟಿದ್ದರೆ ಇಷ್ಟು ಹೊತ್ತಿಗೆ ಹುಲ್ಲು ಮೆಲ್ಲುತ್ತಾ ಆರಾಮಾಗಿ ಹೋಗುತ್ತಿದ್ದರು.

ಇದೇ ಹಾಸನದ ಮೇಲೆ ಸಕಲೇಶಪುರ ಘಾಟಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯೂ 2021ರಿಂದ ಹೋಗುತ್ತಿದೆ. ಅದರಲ್ಲಿ 44 ಸೀಟು, 44 ಜನ. ಕುರ್ಚಿ ಬೇಕಾದ ಕಡೆ ತಿರುಗುತ್ತದೆ. ಅಂದರೆ ಎಣಿಸೋಕೆ ಬರುತ್ತೆ ಅಂತಾಯ್ತು, ಅಲ್ವಾ?

ಟಾಯ್ಲೆಟ್ ಬಾಗಿಲಿಗೆ ಒರಗಿ ಒಬ್ಬ ಹೆಣ್ಣುಮಗಳು ಮಗು ಎತ್ತಿಕೊಂಡು ನಿಂತಿದ್ದಳು. ಯಾರಾದರೂ ಒಳಗೆ ಹೋಗಬೇಕಾದಾಗಲೆಲ್ಲ ಮಗುವನ್ನು ಈ ಭುಜದಿಂದ ಆ ಭುಜಕ್ಕೆ ಹಾಕಿಕೊಂಡು ಸರಿಯುತ್ತಿದ್ದಳು. ದಾರಿಯುದ್ದಕ್ಕೂ ಇದೇ. ಅವಳೂ ದುಡ್ಡು ಕೊಟ್ಟು ಟಿಕೆಟ್ ತಗೊಂಡವಳು. ಇದರಲ್ಲಿ ತಮಾಷೆ ಏನೂ ಇಲ್ಲ. 90ಕ್ಕೆ ಟಿಕೆಟ್ ನಿಲ್ಲಿಸಿ ಅಂತ ನಾನು ಕೇಳಲ್ಲ. ನಿಲ್ಲಿಸಿದರೆ ಪ್ಲಾಟ್‌ಫಾರಂನಲ್ಲಿ ಉಳಿಯುವವನು ನಾನೇ, ಸೋಮವಾರ ಕೆಲಸಕ್ಕೆ ಹೋಗಬೇಕು. ಇನ್ನೆರಡು ಜನರಲ್ ಬೋಗಿ ಹಾಕ್ರಯ್ಯಾ. ಎಷ್ಟು ಟಿಕೆಟ್ ಹೋಯ್ತು ಅಂತ ನಿಮ್ಮ ಕಂಪ್ಯೂಟರಿಗೆ ಪ್ರತಿ ಭಾನುವಾರ ಗೊತ್ತಾಗುತ್ತೆ. ಗೊತ್ತಾಗಿಯೂ ಹಾಕಲ್ಲ.

ಅಷ್ಟರಲ್ಲಿ ಬುಟ್ಟಿ ಎತ್ತಿ ಹಿಡಿದು ವಡೆಯವನು ಬಂದ. ಗಾಳಿಯೂ ನುಗ್ಗದ ಕಡೆ ಅವನು ನುಗ್ಗಿದ. ಅವನ ಬೆನ್ನ ಹಿಂದೆ ಆದ ಸಂದಿಯಲ್ಲಿ ಇನ್ನಿಬ್ಬರು ಒಳಗೆ ತೂರಿಕೊಂಡರು. ಎರಡು ವಡೆ ತಗೊಂಡು, ದುಡ್ಡು ಕೊಡೋಣ ಅಂತ ಜೇಬಿಗೆ ಕೈ ಹಾಕಿದೆ. ಕೈ ಹೋದದ್ದು ಯಜಮಾನರ ಜೇಬಿಗೆ.